ಕ್ರಮ ತಪ್ಪಿದೆ ಎಂದವರಿಗೆ ಏನು ಉತ್ತರ?

ಪಿತೃಪಕ್ಷವೆಂದರೆ ನಮ್ಮ ಕೇಟರಿಂಗ್ ಬಂಧುಗಳಿಗೆ ಸ್ವಲ್ಪ ಬಿಡುವಿನ ಕಾಲ. ಮದುವೆ-ಮುಂಜಿಗಳಿಲ್ಲ, ಹಾಲ್‌ಗಳು ಖಾಲಿ. ಸಂಘದ ಕಚೇರಿಗೆ ಬಂದುಹೋಗುವವರು ಜಾಸ್ತಿ. ಕಳೆದ ವರ್ಷ ಅಂಥದೇ ಒಂದು ಮಧ್ಯಾಹ್ನ ಉಪನಗರದ ಸದಸ್ಯರೊಬ್ಬರಿಂದ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಬಂತು. ರೈಲ್ವೆ ಸ್ಟೇಷನ್ನಿನ ಪಕ್ಕದಲ್ಲಿ ಅವರದು ಸಣ್ಣ ಹೋಟೆಲ್. ಬೆಳಿಗ್ಗೆ ಇಡ್ಲಿ-ವಡೆ, ಸಂಜೆ ಬಜ್ಜಿ-ಸಮೋಸಾ. ಬಾಣಲೆ ಒಲೆಯಿಂದ ಇಳಿಯುವುದೇ ಅಪರೂಪ. ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ಸದಸ್ಯತ್ವ; ವಾರ್ಷಿಕ ಸಭೆಯಲ್ಲಿ ಒಂದು ಮಾತೂ ಆಡದೆ ಊಟ ಮುಗಿಸಿ ಹೋಗುವವರು. ಅಂಥವರು ಎರಡು ಪುಟ ಬರೆದಿದ್ದಾರೆಂದರೆ ವಿಷಯ ಸಣ್ಣದಲ್ಲ ಎಂದು ನಮಗೆ ಆಗಲೇ ಹೊಳೆಯಬೇಕಿತ್ತು.

ದೂರು ಇದ್ದದ್ದು ನಮ್ಮ ಸಂಘ ಸಿದ್ಧಪಡಿಸಿದ್ದ ಎಣ್ಣೆಯ ಮಾನದಂಡದ ಬಗ್ಗೆ. ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್, ಅಂದರೆ ನಾವೆಲ್ಲ ಈಗ ಟಿಪಿಸಿ ಎಂದು ಕರೆಯುವ ಅಂಶ, ಶೇ. 25 ದಾಟಿದರೆ ಆ ಎಣ್ಣೆಯನ್ನು ಮತ್ತೆ ಬಳಸುವಂತಿಲ್ಲ ಎಂಬ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿರುವುದು ಸದಸ್ಯರಿಗೆಲ್ಲ ಗೊತ್ತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕದ ಪುಸ್ತಕ ಇಡಬೇಕೆಂಬುದು 2019ರ ಮಾರ್ಚಿನಿಂದ ಬಂತು. ಕಾನೂನು ಮಿತಿಯನ್ನು ಹೇಳುತ್ತದೆ. ಆದರೆ ದಿನಕ್ಕೆ ಎಷ್ಟು ಸಲ ನೋಡಬೇಕು, ಯಾವ ಹೊತ್ತಿನಲ್ಲಿ ನೋಡಬೇಕು, ಯಾರು ಸಹಿ ಹಾಕಬೇಕು, ಹಳೆ ಎಣ್ಣೆಯನ್ನು ಒಯ್ಯುವವನಿಂದ ಯಾವ ಚೀಟಿ ಪಡೆಯಬೇಕು ಎಂಬಿತ್ಯಾದಿ ದೈನಂದಿನ ಸಂಗತಿಗಳಿಗೆ ನಮ್ಮ ಸದಸ್ಯರಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿ. ಅದನ್ನು ಏಕರೂಪಕ್ಕೆ ತರೋಣವೆಂದು ಐದು ಮಂದಿಯ ಉಪಸಮಿತಿ ಮಾಡಿದೆವು. ಅವರು ಆರು ಪುಟದ ಕರಡು ತಯಾರಿಸಿದರು. ಅದನ್ನು ಪಾಲಿಸುವವರಿಗೆ ಬಾಗಿಲಿಗೆ ಅಂಟಿಸಲು ಸಂಘದ ಫಲಕ ಕೊಡುವುದೆಂದೂ ನಿರ್ಧಾರವಾಯಿತು. ಕಂಪನಿ ಕ್ಯಾಂಟೀನ್ ಗುತ್ತಿಗೆಗೆ ಹೋದಾಗ ಇಂಥ ಫಲಕ ಎಷ್ಟು ಸಹಾಯಕ್ಕೆ ಬರುತ್ತದೆ, ಇಲ್ಲದಿದ್ದರೆ ಎಷ್ಟು ತೊಡಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಪತ್ರದಲ್ಲಿ ನಾಲ್ಕು ಆಕ್ಷೇಪಗಳಿದ್ದವು. ಸಂಘದ ಉಪವಿಧಿಯ ಪ್ರಕಾರ ಸಭೆಗೆ 14 ದಿನದ ನೋಟಿಸು ಬೇಕು, ತನಗೆ ತಲುಪಿದ್ದು ಸಭೆಗೆ 6 ದಿನ ಮೊದಲು. ಕರಡು ಬರೀ ಇಂಗ್ಲಿಷಿನಲ್ಲಿದೆ, ತಾನು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ. ಉಪಸಮಿತಿಯ ಒಬ್ಬರ ಹತ್ತಿರದ ಸಂಬಂಧಿ ಹೋಟೆಲ್ ಸಾಮಾನಿನ ಅಂಗಡಿಯಲ್ಲಿ ಟಿಪಿಸಿ ಮೀಟರ್ ಮಾರುತ್ತಾರೆ, ಕರಡಿನಲ್ಲಿ ಪ್ರತಿ ಹೋಟೆಲಿನಲ್ಲೂ ಒಂದು ಮೀಟರ್ ಇರಲೇಬೇಕೆಂದಿದೆ. ಮೊದಲೇ ಒಂದು ಪತ್ರ ಬರೆದಿದ್ದೆ, ಅದಕ್ಕೆ ಉತ್ತರವೇ ಬರಲಿಲ್ಲ. ಕೊನೆಗೆ ಒಂದು ಬೇಡಿಕೆ: ಇಂಥ ಮಾನದಂಡವನ್ನು ಸರ್ವಸದಸ್ಯರ ಸಭೆಯಲ್ಲಿ ಮತಕ್ಕೆ ಹಾಕದೆ ಜಾರಿಗೆ ತರಬಾರದು.

ನಾವು ಮಾಡಿದ ಮೊದಲ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಅಂದೇ ಸಂಜೆ ಕುಳಿತು ಖಾರವಾದ ಒಂದು ಉತ್ತರ ಬರೆದೆವು. ಶೇ. 25ರ ಮಿತಿ ಸರ್ಕಾರದ್ದು, ನಮ್ಮದಲ್ಲ; ಸುಟ್ಟ ಎಣ್ಣೆ ಆರೋಗ್ಯಕ್ಕೆ ಹಾನಿಕರ; ಗಿರಾಕಿಯ ಹಿತವೇ ನಮ್ಮ ಹಿತ; ಖರ್ಚು ತಪ್ಪಿಸಿಕೊಳ್ಳಲು ನೆಪ ಹುಡುಕಬಾರದು, ಹೀಗೆ ಒಂದೂವರೆ ಪುಟ. ಟೈಪಾಗಿ ಸಹಿಗೆ ಬಂದಾಗ ಸಂಘದ ಹಿರಿಯರೊಬ್ಬರು ಎದುರಿಗಿದ್ದರು. ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮಾರಾಯ್ರೇ, ಅವರು ಎಣ್ಣೆ ಒಳ್ಳೆಯದೋ ಕೆಟ್ಟದೋ ಅಂತ ಒಂದಕ್ಷರ ಬರೆದಿಲ್ಲ. ನೀವು ಬರೆದದ್ದೆಲ್ಲ ಎಣ್ಣೆಯದ್ದೇ. ಬಿಲ್ಲು ತಪ್ಪಾಗಿದೆ ಅಂತ ಗಿರಾಕಿ ಗಲ್ಲಾಕ್ಕೆ ಬಂದರೆ, ಸಾಂಬಾರು ರುಚಿಯಾಗಿತ್ತಲ್ಲ ಅಂತ ಹೇಳ್ತೀರಾ?”

ಪತ್ರ ಹೋಗಲಿಲ್ಲ. ಹಿರಿಯರು ಇನ್ನೊಂದು ಮಾತನ್ನೂ ಹೇಳಿದರು: ಇದೇ ನಾಲ್ಕು ಆಕ್ಷೇಪಗಳನ್ನು ನಾವು ವರ್ಷಾನುಗಟ್ಟಲೆ ಸರ್ಕಾರದ ಮುಂದೆ ಎತ್ತಿಕೊಂಡು ಬಂದಿದ್ದೇವಲ್ಲ! ಹೌದು. ಕಾಲಾವಕಾಶ ಸಾಲದು, ಕರಡು ನಮ್ಮ ಭಾಷೆಯಲ್ಲಿಲ್ಲ, ಸಮಿತಿಯಲ್ಲಿ ಸಣ್ಣ ಹೋಟೆಲಿನವರಿಲ್ಲ, ಕಳಿಸಿದ ಸಲಹೆಗೆ ಉತ್ತರವಿಲ್ಲ ಎಂದು ಇದೇ ಪುಟಗಳಲ್ಲಿ ಬರೆದವರು ನಾವೇ. ಆದ್ದರಿಂದ ಮಾನದಂಡ ರಚಿಸುವ ದೊಡ್ಡ ಸಂಸ್ಥೆಗಳು ಇಂಥ ದೂರುಗಳನ್ನು ಹೇಗೆ ಎದುರಿಸಿವೆ, ಎಲ್ಲಿ ಎಡವಿವೆ ಎಂಬುದನ್ನು ಸ್ವಲ್ಪ ಕೆದಕಿ ನೋಡಿದೆವು. ಅದನ್ನು ಸದಸ್ಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮದೇ ಕಾಯಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯನ್ನು ಲೈಸೆನ್ಸ್, ದಂಡ, ಸ್ಯಾಂಪಲ್ ಎಂಬ ಮೂರು ಮಾತಿನಲ್ಲಿ ನೆನಪಿಟ್ಟುಕೊಂಡಿರುವ ನಾವು ಅದರ 18ನೇ ಕಲಮನ್ನು ಓದಿರುವುದು ಕಡಿಮೆ. ನಿಯಮಾವಳಿ ತಯಾರಿಸುವಾಗ, ಪರಿಷ್ಕರಿಸುವಾಗ ಮುಕ್ತವಾದ, ಪಾರದರ್ಶಕವಾದ ಸಾರ್ವಜನಿಕ ಸಮಾಲೋಚನೆ ನಡೆಯಬೇಕು ಎಂದು ಅದು ಹೇಳುತ್ತದೆ. ನೇರವಾಗಿ ಇಲ್ಲವೇ ಪ್ರಾತಿನಿಧಿಕ ಸಂಸ್ಥೆಗಳ ಮೂಲಕ, ಎಲ್ಲ ಹಂತದ ಪಂಚಾಯಿತಿಗಳೂ ಸೇರಿದಂತೆ! ಜನಾರೋಗ್ಯಕ್ಕೆ ತುರ್ತು ಎನಿಸಿದರೆ ಸಮಾಲೋಚನೆಯನ್ನು ಬಿಡಬಹುದು, ಆದರೆ ಹಾಗೆ ಮಾಡಿದ ನಿಯಮ ಆರು ತಿಂಗಳಿಗಿಂತ ಹೆಚ್ಚು ಉಳಿಯುವಂತಿಲ್ಲ. ವೈಜ್ಞಾನಿಕ ಮಂಡಳಿಗಳಲ್ಲಿ ಸ್ವತಂತ್ರ ತಜ್ಞರಿರಬೇಕು, ಚರ್ಚೆಗೆ ಉದ್ಯಮದ ಮತ್ತು ಬಳಕೆದಾರರ ಪ್ರತಿನಿಧಿಗಳನ್ನು ಕರೆಯಬೇಕು ಎಂದು 13ನೇ ಕಲಮು ಹೇಳುತ್ತದೆ. ಇನ್ನು 92 ಮತ್ತು 93ನೇ ಕಲಮುಗಳ ಪ್ರಕಾರ ನಿಯಮಾವಳಿಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು, ಮುಂಚಿತವಾಗಿ ಪ್ರಕಟಿಸಬೇಕು, ಸಂಸತ್ತಿನ ಮುಂದಿಡಬೇಕು.

ಇಷ್ಟು ಸ್ಪಷ್ಟವಾಗಿದ್ದರೂ ಎಡವಟ್ಟು ಆಯಿತು. ಆ ಪ್ರಕರಣ ನಮ್ಮ ಮುಂಬಯಿಯಲ್ಲೇ ತೀರ್ಮಾನವಾದದ್ದು. ನಿಯಮಾವಳಿಯಲ್ಲಿ ಮಾನದಂಡವೇ ಇಲ್ಲದ ಹೊಸ ಬಗೆಯ ಆಹಾರ ಪದಾರ್ಥಗಳು ಮಾರುಕಟ್ಟೆಗೆ ಬರತೊಡಗಿದಾಗ, ಅವುಗಳಿಗೆ ಮೊದಲು ತನ್ನ ಮಂಜೂರಾತಿ ಪಡೆಯಬೇಕೆಂದು ಎಫ್‌ಎಸ್‌ಎಸ್‌ಎಐ 2013ರ ಮೇ 11ರಂದು ಒಂದು ಸಲಹಾಪತ್ರ ಹೊರಡಿಸಿತು. ಸಲಹಾಪತ್ರ ಎಂದು ಹೆಸರು. ಆದರೆ ಪಾಲಿಸದಿದ್ದರೆ ಮಾಲು ಮಾರುವಂತಿಲ್ಲ, ಆಮದಾದದ್ದು ಬಂದರಿನಲ್ಲೇ ಉಳಿಯುತ್ತದೆ. ವೈಟಲ್ ನ್ಯೂಟ್ರಾಸ್ಯೂಟಿಕಲ್ಸ್ ಮತ್ತಿತರರು ಬಾಂಬೆ ಹೈಕೋರ್ಟಿಗೆ ಹೋದರು. ಅವರ ವಾದ ಇಷ್ಟೇ: ಇದು ಹೆಸರಿಗೆ ಸಲಹೆ, ನಿಜದಲ್ಲಿ ಕಾನೂನು, ಕಾನೂನು ಮಾಡಬೇಕಾದ ಕ್ರಮದಲ್ಲಿ ಮಾಡಿಲ್ಲ.

ಎಫ್‌ಎಸ್‌ಎಸ್‌ಎಐ ಕೊಟ್ಟ ಉತ್ತರದಲ್ಲಿ ನಮ್ಮ ಆ ಒಂದೂವರೆ ಪುಟದ ಛಾಯೆ ಕಂಡು ನಮಗೇ ನಾಚಿಕೆಯಾಯಿತು. ಆಹಾರ ಸುರಕ್ಷಿತವಾಗಿರಬೇಕಲ್ಲವೇ, ಜನರ ಆರೋಗ್ಯ ಕಾಯುವುದು ನಮ್ಮ ಹೊಣೆಯಲ್ಲವೇ, ನಿರ್ದೇಶನ ಕೊಡಲು ಕಾಯಿದೆಯ 16ನೇ ಕಲಮಿನಲ್ಲಿ ಅಧಿಕಾರವಿದೆಯಲ್ಲವೇ ಎಂಬ ಧಾಟಿ. ಉದ್ದೇಶ ಒಳ್ಳೆಯದೇ, ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ 2014ರ ಜೂನ್ 30ರಂದು ಹೈಕೋರ್ಟು, ಸಲಹಾಪತ್ರಕ್ಕೆ ಕಾನೂನಿನ ಬಲವಿಲ್ಲ ಎಂದಿತು. ಪ್ರಾಧಿಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2015ರ ಆಗಸ್ಟ್ 19ರಂದು ಅಲ್ಲಿಯೂ ಮೇಲ್ಮನವಿ ಬಿದ್ದುಹೋಯಿತು. ಒಂದೇ ವಾರದಲ್ಲಿ, ಆಗಸ್ಟ್ 26ರಂದು, ಮಂಜೂರಾತಿಯ ಆ ಪದ್ಧತಿಯನ್ನು ಮುಂದುವರಿಸುವುದಿಲ್ಲವೆಂದು ಎಫ್‌ಎಸ್‌ಎಸ್‌ಎಐ ಪ್ರಕಟಿಸಬೇಕಾಯಿತು.

ಮುಂದಿನದು ಇನ್ನೂ ಸ್ವಾರಸ್ಯಕರ. ಪ್ರಾಧಿಕಾರ ಆ ವಿಷಯವನ್ನೇನೂ ಕೈಬಿಡಲಿಲ್ಲ. ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಕ್ರಮಬದ್ಧವಾಗಿ 2016ರಲ್ಲಿ ನ್ಯೂಟ್ರಾಸ್ಯೂಟಿಕಲ್‌ಗಳ ನಿಯಮಾವಳಿಯನ್ನೂ, 2017ರಲ್ಲಿ ಮಾನದಂಡವಿಲ್ಲದ ಆಹಾರಗಳಿಗೆ ಅನುಮತಿ ಕೊಡುವ ನಿಯಮಾವಳಿಯನ್ನೂ ತಂದಿತು. ಅಂದರೆ, ಬೇಕಿದ್ದದ್ದು ಕೊನೆಗೆ ಸಿಕ್ಕಿತು. ಮೊದಲೇ ಕ್ರಮದಲ್ಲಿ ನಡೆದಿದ್ದರೆ ಎರಡು ವರ್ಷದ ವ್ಯಾಜ್ಯವಿಲ್ಲದೆ ಸಿಗುತ್ತಿತ್ತು. ಆ ಎರಡು ವರ್ಷ ಮಾಲು ತರಿಸಿಕೊಂಡು ಕಾದು ಕುಳಿತ ವ್ಯಾಪಾರಿಗಳ ನಷ್ಟವನ್ನು ಯಾರು ತುಂಬಿಕೊಡುತ್ತಾರೆ? ನಮ್ಮ ಹೋಟೆಲುಗಳಿಗೂ ಈ ತೀರ್ಪಿನಿಂದ ಒಂದು ಆಧಾರ ಸಿಕ್ಕಿದೆ. ಮುಂದೆ ಯಾವುದಾದರೂ ಸುತ್ತೋಲೆ ಹಿಡಿದು ಅಧಿಕಾರಿ ಬಂದರೆ, ಇದು ನಿಯಮಾವಳಿಯೋ ಬರೀ ಸಲಹೆಯೋ ಎಂದು ವಿನಯದಿಂದಲೇ ಕೇಳುವ ಹಕ್ಕು ನಮಗಿದೆ. ವಿನಯ ಮುಖ್ಯ, ಸ್ವಾಮಿ. ಅಧಿಕಾರಿ ನಾಳೆಯೂ ಬರುವವರೇ.

ಇದು ದೂರುದಾರರು ಗೆದ್ದ ಕಥೆ. ಸೋತ ಕಥೆಯೂ ಒಂದಿದೆ. ಅದರಲ್ಲಿ ದೂರುದಾರರ ಸಾಲಿನಲ್ಲಿ ನಿಂತದ್ದು ನಮ್ಮ ಭಾರತವೇ. ಅದು ಅಡುಗೆಮನೆಯದ್ದಲ್ಲ, ಗಲ್ಲಾದ ಹಿಂದಿರುವ ಕಂಪ್ಯೂಟರಿನದ್ದು. ಮೆನು ಟೈಪ್ ಮಾಡುವ ವರ್ಡ್, ಲೆಕ್ಕ ಇಡುವ ಎಕ್ಸೆಲ್ ಇವೆಯಲ್ಲ, ಅವುಗಳ ಫೈಲು ಯಾವ ರೂಪದಲ್ಲಿ ಉಳಿಯಬೇಕೆಂಬ ತಾಂತ್ರಿಕ ಮಾನದಂಡ. ಆಫೀಸ್ ಓಪನ್ ಎಕ್ಸ್‌ಎಂಎಲ್ ಎಂದು ಹೆಸರು, ಮೈಕ್ರೋಸಾಫ್ಟ್ ರೂಪಿಸಿದ್ದು. 2006ರ ಡಿಸೆಂಬರಿನಲ್ಲಿ ಯುರೋಪಿನ ಎಕ್ಮಾ ಎಂಬ ಸಂಸ್ಥೆಯ ಒಪ್ಪಿಗೆ ಪಡೆದು, ಅಲ್ಲಿಂದ ಅಂತಾರಾಷ್ಟ್ರೀಯ ಸಂಸ್ಥೆಗಳಾದ ಐಎಸ್‌ಒ ಮತ್ತು ಐಇಸಿಗೆ ಬಂತು. ಸುಮಾರು ಆರು ಸಾವಿರ ಪುಟ! ಅದನ್ನು ಶೀಘ್ರ ಮಾರ್ಗದಲ್ಲಿ ಪರಿಶೀಲಿಸಬೇಕೆಂದಾಯಿತು. ಆರು ಪುಟದ ನಮ್ಮ ಕರಡಿಗೇ ಆರು ದಿನ ಸಾಲದೆಂಬ ದೂರು ಬಂದಿರುವಾಗ ಅಲ್ಲಿ ಎಷ್ಟು ಗದ್ದಲವಾಗಿರಬೇಡ.

2007ರ ಸೆಪ್ಟೆಂಬರಿನ ಮತದಾನದಲ್ಲಿ ಅದು ಬಿದ್ದುಹೋಯಿತು. ಪೂರ್ಣ ಪಾಲ್ಗೊಳ್ಳುವ ಸದಸ್ಯ ದೇಶಗಳಲ್ಲಿ ಮೂರನೇ ಎರಡರಷ್ಟು ಒಪ್ಪಿಗೆ ಬೇಕಿತ್ತು, ಸಿಕ್ಕಿದ್ದು ಶೇ. 53. ಅದೇ ಹೊತ್ತಿನಲ್ಲಿ ಸ್ವೀಡನ್ನಿನಲ್ಲಿ ಒಂದು ಕಂಪನಿ ಎರಡು ಮತ ಹಾಕಿದ್ದು ಪತ್ತೆಯಾಗಿ ಆ ದೇಶದ ಮತವೇ ಅಸಿಂಧುವಾಯಿತು. ಮತದ ಜೊತೆಗೆ ಬಂದ ಸಾವಿರಾರು ಟೀಕೆ-ಟಿಪ್ಪಣಿಗಳನ್ನು ಒಗ್ಗೂಡಿಸಿ, ಅವಕ್ಕೆ ಸಾವಿರಕ್ಕೂ ಮಿಕ್ಕಿದ ಪರಿಹಾರಗಳನ್ನು ಸಿದ್ಧಪಡಿಸಲಾಯಿತು. ಅವುಗಳನ್ನು ತೀರ್ಮಾನಿಸಲು 2008ರ ಫೆಬ್ರವರಿ 25ರಿಂದ 29ರವರೆಗೆ ಜಿನೀವಾದಲ್ಲಿ ಸಭೆ. ಐದು ದಿನ, ನೂರಕ್ಕೂ ಹೆಚ್ಚು ಪ್ರತಿನಿಧಿಗಳು. ಸಾವಿರ ವಿಷಯವನ್ನು ಐದು ದಿನದಲ್ಲಿ ಒಂದೊಂದಾಗಿ ಚರ್ಚಿಸುವುದು ಯಾವ ಸಭೆಗೂ ಸಾಧ್ಯವಿಲ್ಲ. ಕೆಲವನ್ನು ಚರ್ಚಿಸಿ, ಉಳಿದ ಬಹುಪಾಲಿಗೆ ಒಂದೇ ಮತಪತ್ರದಲ್ಲಿ ಒಟ್ಟಾಗಿ ಮತ ಹಾಕಿಸಿದರು. ಮಾರ್ಚ್ ಕೊನೆಗೆ ಎಣಿಕೆ ಮುಗಿದಾಗ ಒಪ್ಪಿದ ಪ್ರಮಾಣ ಶೇ. 75ಕ್ಕೆ ಏರಿತ್ತು. ಮಾನದಂಡ ಪಾಸಾಯಿತು.

ಭಾರತದ ಪರವಾಗಿ ನಮ್ಮ ಬಿಐಎಸ್ ಎರಡೂ ಸಲ ವಿರೋಧಿಸಿತ್ತು. ಆಮೇಲೆ ದಕ್ಷಿಣ ಆಫ್ರಿಕ, ಬ್ರೆಜಿಲ್, ಭಾರತ, ವೆನೆಜುವೆಲಾ, ಈ ನಾಲ್ಕು ದೇಶಗಳು ವಿಧಿವತ್ತಾಗಿ ಮೇಲ್ಮನವಿ ಸಲ್ಲಿಸಿದವು. ಚರ್ಚೆಗೆ ಅವಕಾಶವೇ ಇಲ್ಲದೆ ಮತಕ್ಕೆ ಹಾಕಿದ್ದು ಸರಿಯೇ, ಇಷ್ಟು ದೊಡ್ಡ ಕರಡಿಗೆ ಶೀಘ್ರ ಮಾರ್ಗ ಸಲ್ಲುತ್ತದೆಯೇ ಎಂಬಂಥವು ಪ್ರಶ್ನೆಗಳು. ಎರಡೂ ಸಂಸ್ಥೆಗಳ ಮುಖ್ಯಾಧಿಕಾರಿಗಳು ಈ ಮೇಲ್ಮನವಿಗಳನ್ನು ಮುಂದುವರಿಸಬೇಕಿಲ್ಲವೆಂದು ಶಿಫಾರಸು ಮಾಡಿದರು. ಸದಸ್ಯ ದೇಶಗಳೇ ಮತ ಹಾಕಿ ತೀರ್ಮಾನಿಸಿದ್ದನ್ನು ಮತ್ತೆ ಕೆದಕಬೇಕಾಗಿಲ್ಲ ಎಂಬುದು ಅವರ ವಾದದ ಸಾರ. ಆಡಳಿತ ಮಂಡಳಿಗಳಲ್ಲಿ ಮೇಲ್ಮನವಿಗೆ ಮೂರನೇ ಎರಡರಷ್ಟು ಬೆಂಬಲ ಸಿಗಲಿಲ್ಲವೆಂದು 2008ರ ಆಗಸ್ಟ್ 15ರಂದು ಪ್ರಕಟವಾಯಿತು. ನಮಗೆ ಸ್ವಾತಂತ್ರ್ಯ ದಿನ, ಬಂದ ಉತ್ತರ ‘ಇಲ್ಲ’. ಆ ವರ್ಷದ ನವೆಂಬರಿನಲ್ಲಿ ಮಾನದಂಡ ಅಚ್ಚಾಗಿ ಹೊರಬಂತು.

ನಿಯಮದ ಪ್ರಕಾರ ಉತ್ತರ ತಪ್ಪೆಂದು ಹೇಳಲು ನಾವು ವಕೀಲರಲ್ಲ. ಒಟ್ಟಾಗಿ ಮತ ಹಾಕಲು ನಿಯಮ ಎಡೆಗೊಡುತ್ತಿತ್ತು, ಹಾಕಿದರು. ಆದರೆ ದೂರಿದವರ ಮನಸ್ಸಿಗೆ ಆ ಉತ್ತರ ಒಪ್ಪಿಗೆಯಾಯಿತೇ? ಬ್ರೆಜಿಲ್, ದಕ್ಷಿಣ ಆಫ್ರಿಕ, ವೆನೆಜುವೆಲಾಗಳು ಇನ್ನೂ ಕೆಲವು ದೇಶಗಳ ಜೊತೆ ಸೇರಿ, ಐಎಸ್‌ಒ ಮೇಲಿನ ವಿಶ್ವಾಸ ಮೊದಲಿನಂತಿಲ್ಲ ಎಂಬರ್ಥದ ಹೇಳಿಕೆಗೆ ಆ ವರ್ಷವೇ ಸಹಿ ಹಾಕಿದವು. ನಾರ್ವೆಯಲ್ಲಿ ಸಮಿತಿಯ ಬಹುಮತ ಬೇಡವೆಂದರೂ ದೇಶದ ಮತ ‘ಹೌದು’ ಎಂದು ಹೋದದ್ದಕ್ಕೆ, 23 ಮಂದಿಯಲ್ಲಿ 13 ಮಂದಿ ರಾಜೀನಾಮೆ ಕೊಟ್ಟು ಹೊರನಡೆದರು. ಅರ್ಧಕ್ಕಿಂತ ಹೆಚ್ಚು ಅಡುಗೆಯವರು ಒಂದೇ ದಿನ ಏಪ್ರನ್ ಬಿಚ್ಚಿಟ್ಟು ಹೋದರೆ ಹೋಟೆಲಿನ ಗತಿ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಆಹಾರದ ಅಂತಾರಾಷ್ಟ್ರೀಯ ಮಾನದಂಡಗಳನ್ನು ಮಾಡುವ ಕೋಡೆಕ್ಸ್ ಆಯೋಗದಲ್ಲೂ ಇಂಥದೇ ನಡೆದಿದೆ. ಪ್ರಾಣಿಗಳ ಮಾಂಸ ಹೆಚ್ಚಿಸಲು ಮೇವಿನಲ್ಲಿ ಕೊಡುವ ರ್‍ಯಾಕ್ಟೋಪಮೈನ್ ಎಂಬ ಔಷಧದ ಮಿತಿಯ ಬಗ್ಗೆ ವರ್ಷಗಟ್ಟಲೆ ಒಮ್ಮತ ಬಾರದೆ, 2012ರ ಜುಲೈಯಲ್ಲಿ ರೋಮಿನಲ್ಲಿ ಮತಕ್ಕೆ ಹಾಕಿದರು. ಪರ 69, ವಿರುದ್ಧ 67, ತಟಸ್ಥರು 7. ಎರಡೇ ಮತದ ಅಂತರ. ಒಮ್ಮತದಿಂದ ನಡೆಯಬೇಕಾದ ಸಂಸ್ಥೆಯಲ್ಲಿ ಇದೇನು ಎಂದು ಸೋತವರು ಕೇಳಿದರು. ಐರೋಪ್ಯ ಒಕ್ಕೂಟವಂತೂ ತನ್ನ ನಿಷೇಧ ಬದಲಾಗದೆಂದು ಅಲ್ಲೇ ಸಾರಿತು. ಮಾನದಂಡ ಪುಸ್ತಕ ಸೇರಿತು, ಪಾಲಿಸುವವರಲ್ಲಿ ಅರ್ಧ ಜಗತ್ತು ಹೊರಗುಳಿಯಿತು.

ಹಾಗಾದರೆ ದೂರಿಗೆ ಉತ್ತರಿಸುವ ಕ್ರಮ ಎಲ್ಲಾದರೂ ಬರೆದಿಟ್ಟಿದೆಯೇ? ಇದೆ. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ತಾಂತ್ರಿಕ ಅಡೆತಡೆಗಳ ಒಪ್ಪಂದದ ಮೂರನೇ ಅನುಬಂಧದಲ್ಲಿ ಮಾನದಂಡ ರಚಿಸುವ ಸಂಸ್ಥೆಗಳಿಗೊಂದು ಸದಾಚಾರ ಸಂಹಿತೆ ಇದೆ. ಕರಡಿನ ಮೇಲೆ ಅಭಿಪ್ರಾಯ ಹೇಳಲು ಕನಿಷ್ಠ 60 ದಿನ ಕೊಡಬೇಕು. ಬಂದ ಅಭಿಪ್ರಾಯಗಳನ್ನು ಗಣನೆಗೆ ತೆಗೆದುಕೊಳ್ಳಬೇಕು, ಕೇಳಿದವರಿಗೆ ಬೇಗ ಉತ್ತರಿಸಬೇಕು. ಸಂಹಿತೆಯ ಪಾಲನೆಯ ಬಗ್ಗೆ ಅದನ್ನು ಒಪ್ಪಿದ ಇತರ ಸಂಸ್ಥೆಗಳಿಂದ ಅಹವಾಲು ಬಂದರೆ ಸಹಾನುಭೂತಿಯಿಂದ ಪರಿಗಣಿಸಿ, ಮಾತುಕತೆಗೆ ಅವಕಾಶ ಕೊಟ್ಟು, ದೂರು ಬಗೆಹರಿಸಲು ವಸ್ತುನಿಷ್ಠ ಪ್ರಯತ್ನ ಮಾಡಬೇಕು. ‘ಸಹಾನುಭೂತಿ’ ಎಂಬ ಶಬ್ದ ವ್ಯಾಪಾರ ಒಪ್ಪಂದವೊಂದರಲ್ಲಿ ಕಾಣಸಿಕ್ಕಿದ್ದು ನಮಗಂತೂ ಅಚ್ಚರಿ. ಇದು ದೊಡ್ಡ ಸಂಸ್ಥೆಗಳಿಗೆ ಬರೆದದ್ದು, ನಮ್ಮಂಥ ಸಂಘಕ್ಕೆ ಅನ್ವಯಿಸುವುದಿಲ್ಲ. ಆದರೂ ಒಳ್ಳೆಯ ಪದ್ಧತಿಯನ್ನು ಎರವಲು ಪಡೆಯಲು ಯಾರ ಅಪ್ಪಣೆ ಬೇಕು?

ಇನ್ನು ನಮ್ಮ ಕಥೆಗೆ ಮರಳೋಣ. ದೂರಿಗೆ ಒಳಗಾದವರೇ ಉತ್ತರ ಬರೆಯಬಾರದೆಂದು, ಉಪಸಮಿತಿಗೆ ಸೇರದ ಮೂವರು ಸದಸ್ಯರಿಗೆ ಫೈಲು ಒಪ್ಪಿಸಿದೆವು. ಅವರು ಎಣ್ಣೆಯ ವಿಷಯಕ್ಕೆ ಹೋಗಲೇ ಇಲ್ಲ. ಅಂಚೆ ರಸೀದಿ, ಆವಕ ಪುಸ್ತಕ, ಸಭೆಯ ನಡವಳಿ ಪುಸ್ತಕ, ಇವಿಷ್ಟನ್ನು ಹರಡಿಕೊಂಡು ಒಂದು ದಿನ ಕುಳಿತರು.

ನೋಟಿಸಿನ ದೂರು ನಿಜವಾಗಿತ್ತು. ಪತ್ರ ಸಿದ್ಧವಾಗಿದ್ದು 14 ದಿನ ಮೊದಲೇ, ಆದರೆ ಅಂಚೆಗೆ ಬಿದ್ದದ್ದು ಎಂಟು ದಿನ ಮೊದಲು. ಕಚೇರಿಯ ಹುಡುಗ ರಜೆಯ ಮೇಲೆ ಊರಿಗೆ ಹೋಗಿದ್ದ ಎಂಬ ಸಬೂಬು ನಮ್ಮಲ್ಲಿತ್ತು. ಆ ಮೂವರು ಅದನ್ನು ಉತ್ತರದಲ್ಲಿ ಸೇರಿಸಲು ಬಿಡಲಿಲ್ಲ. ಹುಡುಗನ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಬೇಡ ಎಂದರು. ಭಾಷೆಯ ದೂರಂತೂ ಸಾಬೀತು ಬೇಕಿಲ್ಲದ್ದು. ಕನ್ನಡಿಗರ ಸಂಘ, ಕನ್ನಡದಲ್ಲಿ ಪತ್ರಿಕೆ, ಕರಡು ಮಾತ್ರ ಇಂಗ್ಲಿಷಿನಲ್ಲಿ! ಉತ್ತರ ಬಾರದ ಪತ್ರ ಬೇರೊಂದು ಫೈಲಿನಲ್ಲಿ, ವಾರ್ಷಿಕ ಕ್ರೀಡಾಕೂಟದ ಖರ್ಚಿನ ಬಿಲ್ಲುಗಳ ನಡುವೆ ಸಿಕ್ಕಿತು. ಆವಕ ಪುಸ್ತಕದಲ್ಲಿ ನಮೂದೇ ಆಗಿರಲಿಲ್ಲ.

ಮೀಟರಿನ ದೂರು ಹೆಚ್ಚು ನಾಜೂಕಿನದು. ಸಂಬಂಧ ಇದ್ದದ್ದು ಹೌದು. ಆದರೆ ‘ಮೀಟರ್ ಇರಲೇಬೇಕು’ ಎಂಬ ಸಾಲನ್ನು ಸೂಚಿಸಿದವರು ಅವರಲ್ಲ, ಬೇರೊಬ್ಬರು. ನಡವಳಿಯಲ್ಲಿ ಹಾಗೇ ಇದೆ. ತಪ್ಪು ಮಾಡಿದ್ದಾರೆಂದು ಹೇಳಲು ಆಧಾರವಿರಲಿಲ್ಲ, ಮೊದಲೇ ಹೇಳಬೇಕಿತ್ತು ಎನ್ನುವುದಕ್ಕೆ ಇತ್ತು. ಆ ಸದಸ್ಯರಿಗೆ ನೋವಾಯಿತು. ಸ್ವಂತ ಖರ್ಚಿನಲ್ಲಿ ಮೂರು ತಿಂಗಳು ಓಡಾಡಿ ದುಡಿದವರು ಅವರು. ಕೊನೆಗೆ ಉಪಕರಣದ ವಿಷಯ ಬಂದಾಗ ತಾನು ಹೊರಗಿರುತ್ತೇನೆಂದು ಬರೆದುಕೊಟ್ಟರು. ಅವರ ಹೆಸರಿಗೆ ಕಳಂಕ ಬಾರದಂತೆ ಉತ್ತರದ ಆ ಭಾಗವನ್ನು ಮೂರು ಸಲ ತಿದ್ದಿ ಬರೆದೆವು. ಇಂಥ ದೂರುಗಳಲ್ಲಿ ಅತ್ಯಂತ ಕಷ್ಟದ್ದು ಇದೇ ಎಂದು ನಮಗೆ ಅನಿಸಿತು. ತಾರೀಖು ತಪ್ಪಿದ್ದನ್ನು ಒಪ್ಪಿಕೊಳ್ಳುವುದು ಸುಲಭ, ಜೊತೆಯಲ್ಲಿ ದುಡಿದವರ ಬಗ್ಗೆ ಬರೆಯುವುದು ಸುಲಭವಲ್ಲ.

ಸರ್ವಸದಸ್ಯರ ಮತದ ಬೇಡಿಕೆಯನ್ನು ನಾವು ಒಪ್ಪಲಿಲ್ಲ. ಉಪವಿಧಿಯಲ್ಲಿ ಅದಕ್ಕೆ ಆಧಾರವಿಲ್ಲ, ಕಾರ್ಯಕಾರಿ ಸಮಿತಿಗೆ ಆ ಅಧಿಕಾರವಿದೆ. ಯಾವ ವಿಧಿ ಎಂದು ಸಂಖ್ಯೆ ನಮೂದಿಸಿ, ಇಲ್ಲವೆಂದು ಬರೆದೆವು. ಎಲ್ಲದಕ್ಕೂ ತಲೆಯಾಡಿಸಿ ಸಮಾಧಾನಪಡಿಸುವುದು ಉತ್ತರವಲ್ಲ. ಹಾಗೆಯೇ ದೂರುವವರೂ ‘ಅನ್ಯಾಯವಾಯಿತು’ ಎಂದಷ್ಟೇ ಬರೆದರೆ ಯಾರೂ ಏನೂ ಮಾಡಲಾಗುವುದಿಲ್ಲ. ನಮ್ಮ ಸದಸ್ಯರ ಪತ್ರದ ಬಲವೆಲ್ಲ ಇದ್ದದ್ದು ‘14 ದಿನ, 6 ದಿನ’ ಎಂಬ ಎರಡು ಅಂಕಿಗಳಲ್ಲಿ.

ಸಭೆಯ ನಿರ್ಣಯವನ್ನು ಹಿಂತೆಗೆದುಕೊಂಡು, ಕರಡನ್ನು ಕನ್ನಡಕ್ಕೆ ತಂದು, 60 ದಿನದ ಗಡುವು ಕೊಟ್ಟು ಮತ್ತೆ ಎಲ್ಲರಿಗೂ ಕಳಿಸಿದೆವು. ಜೊತೆಗೆ ಬಿಐಎಸ್‌ನವರ ಮಾದರಿಯಲ್ಲಿ ಒಂದು ಕೋಷ್ಟಕ: ಯಾವ ಕಲಮು, ಏನು ಆಕ್ಷೇಪ, ಅದರ ಬದಲು ಏನಿರಬೇಕು, ಯಾಕೆ. ಉಪಸಮಿತಿಯ ಉತ್ತರಕ್ಕೆ ಕೊನೆಯಲ್ಲಿ ಖಾಲಿ ಜಾಗ. ಮೊದಲ ಸಲ ಒಬ್ಬರಿಂದಲೂ ಸಲಹೆ ಬಂದಿರಲಿಲ್ಲ, ಎಲ್ಲರೂ ಒಪ್ಪಿದ್ದಾರೆಂದು ನಾವು ಭಾವಿಸಿದ್ದೆವು. ಈ ಸಲ ಪುಣೆಯಿಂದ, ಥಾಣೆಯಿಂದ, ಒಂದು ಹೈದರಾಬಾದಿನಿಂದಲೂ ಕೋಷ್ಟಕ ತುಂಬಿ ಬಂತು.

ಅದರಲ್ಲಿ ಪುಣೆಯ ಸದಸ್ಯರೊಬ್ಬರು ಹಿಡಿದ ತಪ್ಪು ನಮ್ಮನ್ನು ದಂಗುಬಡಿಸಿತು. ಸಣ್ಣ ಹೋಟೆಲಿನವರಿಗೆ ಅನುಕೂಲವಾಗಲೆಂದು, ‘ಮೀಟರ್ ರಿಪೇರಿಯಲ್ಲಿದ್ದಾಗ ಕಾಗದದ ಪರೀಕ್ಷಾಪಟ್ಟಿ ಬಳಸಬಹುದು’ ಎಂದು ಕರಡಿನಲ್ಲಿ ಬರೆದಿದ್ದೆವು. ಪೇಟೆಯಲ್ಲಿ ಸಿಗುವ ಎಷ್ಟೋ ಪಟ್ಟಿಗಳು ಅಳೆಯುವುದು ಎಣ್ಣೆಯಲ್ಲಿನ ಫ್ರೀ ಫ್ಯಾಟಿ ಆಸಿಡನ್ನು. ಕಾನೂನು ಕೇಳುವುದು ಟಿಪಿಸಿಯನ್ನು. ಎರಡೂ ಬೇರೆ ಬೇರೆ. ಪಟ್ಟಿಯಲ್ಲಿ ಸರಿ ಎಂದು ತೋರಿದ ಎಣ್ಣೆ ತಪಾಸಣೆಯಲ್ಲಿ ಬಿದ್ದುಹೋಗಬಹುದು, ಸಂಘದ ಫಲಕ ಬಾಗಿಲಲ್ಲಿದ್ದೂ ಸದಸ್ಯರಿಗೆ ದಂಡ ಬೀಳಬಹುದು. ಇಂಗ್ಲಿಷ್ ಕರಡು ಅವರಿಗೂ ಹೋಗಿತ್ತು, ಓದಿರಲಿಲ್ಲವಂತೆ. ಥಾಣೆಯ ಅಡುಗೆಭಟ್ಟರೊಬ್ಬರು ಮಾಲಕರ ಮೂಲಕ ಇನ್ನೊಂದು ತಿದ್ದುಪಡಿ ಕಳಿಸಿದರು: ವಡೆ ತೆಗೆದ ಕೂಡಲೇ ಮೀಟರ್ ಅದ್ದಬೇಡಿ, ನೀರಿನ ಗುಳ್ಳೆ ಅಡಗುವವರೆಗೆ ಕೆಲವು ನಿಮಿಷ ಕಾಯಿರಿ, ಇಲ್ಲವಾದರೆ ಅಂಕಿ ತಪ್ಪು ತೋರಿಸುತ್ತದೆ. ಎರಡನ್ನೂ ಸೇರಿಸಿದ್ದೇವೆ.

‘ಪ್ರತಿ ಹೋಟೆಲಿಗೊಂದು ಮೀಟರ್’ ಎಂಬ ಸಾಲು ಹೋಗಿ, ಹತ್ತಿರ ಹತ್ತಿರದ ಸದಸ್ಯರು ಒಂದನ್ನು ಹಂಚಿಕೊಂಡು ಬಳಸಬಹುದು, ಆದರೆ ಪುಸ್ತಕ ಮಾತ್ರ ಪ್ರತ್ಯೇಕ ಎಂದಾಯಿತು. ದೂರು ಬರೆದ ಸದಸ್ಯರು ಡಿಸೆಂಬರಿನ ಸಭೆಗೆ ಬಂದಿದ್ದರು. ಮಧ್ಯಾಹ್ನ ಮತ್ತು ಸಂಜೆ ಎರಡು ಸಲ ಪರೀಕ್ಷೆ ಎಂಬ ಕಲಮಿಗೆ ಅವರ ವಿರೋಧ ಕೊನೆಗೂ ಹೋಗಲಿಲ್ಲ. ಸಂಜೆ ಐದರಿಂದ ಎಂಟರವರೆಗೆ ಸ್ಟೇಷನ್ನಿನಿಂದ ಜನ ಇಳಿಯುವ ಹೊತ್ತು, ಬಾಣಲೆ ನಿಲ್ಲಿಸಿದರೆ ವ್ಯಾಪಾರವೇ ಹೋಯಿತು ಎಂಬುದು ಅವರ ವಾದ. ಮತಕ್ಕೆ ಹಾಕಿದಾಗ ಅವರ ಜೊತೆ ಇನ್ನಿಬ್ಬರು ಕೈ ಎತ್ತಿದರು. ಕಲಮು ಉಳಿಯಿತು. ಅವರ ಭಿನ್ನಾಭಿಪ್ರಾಯವನ್ನು ಅವರದೇ ಮಾತಿನಲ್ಲಿ ಮಾನದಂಡದ ಕೊನೆಯ ಪುಟದಲ್ಲಿ ಅಚ್ಚು ಹಾಕಿಸಿದ್ದೇವೆ. ಒಂದು ವರ್ಷದ ಬಳಿಕ ಸದಸ್ಯರ ಪುಸ್ತಕಗಳನ್ನು ನೋಡಿ, ಸಂಜೆಯ ಪರೀಕ್ಷೆ ನಿಜವಾಗಿಯೂ ಬೇಕೇ ಎಂದು ಮತ್ತೆ ಚರ್ಚಿಸುವುದಾಗಿಯೂ ನಡವಳಿಯಲ್ಲಿ ಬರೆದಾಗಿದೆ.

ಮಾನದಂಡದ ಕನ್ನಡ ಪ್ರತಿ ಸಂಘದ ಕಚೇರಿಯಲ್ಲಿ ಉಚಿತವಾಗಿ ಸಿಗುತ್ತದೆ. ಕೋಷ್ಟಕದ ಖಾಲಿ ಹಾಳೆಯೂ ಜೊತೆಗಿದೆ.